ನೆಟ್‌ವರ್ಕ್ ಕಾಯುವ ಎಐ ಕೈಕೊಟ್ಟಾಗ: 5ಜಿ ಭದ್ರತಾ ಪತ್ತೆ ವ್ಯವಸ್ಥೆಯ ದೋಷ ನಿವಾರಣೆ ಕೈಪಿಡಿ

5ಜಿ ನೆಟ್‌ವರ್ಕಿನ ಭದ್ರತೆಗೆ ಎಐ ಕೂರಿಸಿದ ಮೇಲೆ ನಿರ್ವಹಣಾ ತಂಡಕ್ಕೆ ಕೆಲಸ ಎರಡಾಗುತ್ತದೆ. ಎಐ ತೋರಿಸಿದ್ದನ್ನು ಬೆನ್ನಟ್ಟುವುದು ಒಂದು. ಅದು ತೋರಿಸಿದ್ದು ನಿಜವೇ ಎಂದು ಪರೀಕ್ಷಿಸುವುದು ಇನ್ನೊಂದು. ಈ ಬರಹ ಎರಡನೆಯ ಕೆಲಸಕ್ಕೆ. ಕಾರ್ಖಾನೆ, ಬಂದರು, ಆಸ್ಪತ್ರೆ, ಕ್ಯಾಂಪಸ್‌ಗಳಲ್ಲಿ ಖಾಸಗಿ 5ಜಿ ನಡೆಸುವವರಿಗೂ ದೊಡ್ಡ ಕಂಪನಿಯ ಕಂಟ್ರೋಲ್ ರೂಮಿನಲ್ಲಿ ರಾತ್ರಿ ಪಾಳಿ ಮಾಡುವವರಿಗೂ ಇದು ಹೊಂದುತ್ತದೆ.

ವ್ಯವಸ್ಥೆ ಎಲ್ಲೆಡೆ ಹೆಚ್ಚುಕಡಿಮೆ ಒಂದೇ ರೀತಿ. ಬೇಸ್ ಸ್ಟೇಷನ್‌ಗಳೂ, ನೆಟ್‌ವರ್ಕಿನ ಕೇಂದ್ರಭಾಗವಾದ ಕೋರ್‌ನ ಎಎಂಎಫ್ (ಸಾಧನಗಳ ನೋಂದಣಿ ನೋಡಿಕೊಳ್ಳುವುದು), ಎಸ್‌ಎಂಎಫ್ (ಡೇಟಾ ಸಂಪರ್ಕ ಕಟ್ಟಿಕೊಡುವುದು), ಯುಪಿಎಫ್ (ಡೇಟಾ ಸಾಗಿಸುವುದು) ಘಟಕಗಳೂ ಲಾಗ್ (ಘಟನೆಗಳ ದಾಖಲೆ) ಮತ್ತು ಕೌಂಟರ್ (ಎಣಿಕೆ) ಗಳನ್ನು ಕಳಿಸುತ್ತವೆ. ಮೊಬೈಲ್ ನೆಟ್‌ವರ್ಕಿನ ನಿಯಮ ರೂಪಿಸುವ 3ಜಿಪಿಪಿ ಒಕ್ಕೂಟದ ಮಾನದಂಡದಲ್ಲಿ ಅವನ್ನು ವಿಶ್ಲೇಷಿಸುವ ಘಟಕಕ್ಕೆ ಎನ್‌ಡಬ್ಲ್ಯೂಡಿಎಎಫ್ ಎಂದು ಹೆಸರು. ಬೇರೆ ಬೇರೆ ಕಂಪನಿಗಳ ರೇಡಿಯೋ ಭಾಗಗಳನ್ನು ಜೋಡಿಸಬಹುದಾದ ಓಪನ್ ರಾನ್ ಇದ್ದರೆ ರಿಕ್ ಎಂಬ ನಿಯಂತ್ರಕದ ಮೇಲೆ ಓಡುವ ಎಕ್ಸ್‌ಆ್ಯಪ್ ಎಂಬ ಪ್ರೋಗ್ರಾಂಗಳೂ ಇದೇ ಕೆಲಸ ಮಾಡುತ್ತವೆ. ಮಾಡೆಲ್ ಪ್ರತಿ ಸಾಧನಕ್ಕೆ ಅಥವಾ ಬೇಸ್ ಸ್ಟೇಷನ್ ಆವರಿಸುವ ಪ್ರತಿ ಸೆಲ್‌ಗೆ ಒಂದು ಅಂಕ ಕೊಡುತ್ತದೆ. ಅಂಕ ಮಿತಿ ದಾಟಿದರೆ ಅಲರ್ಟ್. ಕೆಲವು ಕಡೆ ಅಲರ್ಟ್ ಬಂದ ಕೂಡಲೇ ಸಾಧನವನ್ನು ತಾನಾಗಿಯೇ ಹೊರಗೆ ಹಾಕುವ ಏರ್ಪಾಡೂ ಇರುತ್ತದೆ.

ದೋಷ ಡೇಟಾ ಹುಟ್ಟುವ ಕಡೆ, ಸಾಗುವ ದಾರಿ, ಮಾಡೆಲ್, ಮಿತಿ, ಕ್ರಮ ಈ ಐದರಲ್ಲಿ ಎಲ್ಲಿಯಾದರೂ ಇರಬಹುದು. ಹುಡುಕುವಾಗ ಇದೇ ಸಾಲಿನಲ್ಲಿ ಹೋಗಿ, ಏಕೆಂದರೆ ಮೊದಲ ಎರಡನ್ನು ನೋಡಲು ಖರ್ಚಿಲ್ಲ ಮತ್ತು ದೋಷ ಹೆಚ್ಚಾಗಿ ಸಿಗುವುದೂ ಅಲ್ಲೇ. ಮಾಡೆಲ್‌ಗೆ ಹೊಸದಾಗಿ ತರಬೇತಿ ಕೊಡುವುದು ಕಟ್ಟಕಡೆಯ ಕೆಲಸ. ನಿಜವಾದ ದಾಳಿ ನಡೆಯುತ್ತಿರುವಾಗ ಆ ದಿನಗಳ ಡೇಟಾವನ್ನೇ ಉಣಿಸಿ ಮರುತರಬೇತಿ ಕೊಟ್ಟರೆ ದಾಳಿಯೇ ಸಹಜ ಸ್ಥಿತಿ ಎಂದು ಮಾಡೆಲ್ ಕಲಿತುಬಿಡುತ್ತದೆ. ಆಮೇಲೆ ಅದನ್ನು ಹಿಡಿಯುವವರೇ ಇರುವುದಿಲ್ಲ.

## ಕೈ ಹಾಕುವ ಮೊದಲು

ನೆಟ್‌ವರ್ಕಿನ ಮೇಲೆ ರೋಬೋ, ಕ್ರೇನ್, ರೋಗಿಯ ಮೇಲ್ವಿಚಾರಣಾ ಯಂತ್ರದಂಥವು ಅವಲಂಬಿತವಾಗಿದ್ದರೆ, ಯಾವ ಸೆಲ್ ಅಥವಾ ಸ್ಲೈಸ್ (ಒಂದು ಬಳಕೆಗೆ ಮೀಸಲಿಟ್ಟ ನೆಟ್‌ವರ್ಕಿನ ಪಾಲು) ಮುಟ್ಟುವ ಮುನ್ನವೂ ಆ ಯಂತ್ರಗಳನ್ನು ಸುರಕ್ಷಿತ ಸ್ಥಿತಿಗೆ ತರಬೇಕು. ಅದನ್ನು ಮಾಡಬೇಕಾದವರು ಯಂತ್ರ ನಡೆಸುವವರು. ಅವರಿಗೆ ತಿಳಿಸದೆ ಪರೀಕ್ಷೆ ಶುರು ಮಾಡಬೇಡಿ. ತುರ್ತು ಕರೆಗಳು ಸ್ವಯಂಚಾಲಿತ ತಡೆಯ ವ್ಯಾಪ್ತಿಗೆ ಬಾರದಂತೆ ನಿಯಮ ಇದೆಯೇ ಎಂದು ಕಣ್ಣಾರೆ ನೋಡಿ.

ಆ್ಯಂಟೆನಾ ಮುಂದೆ ನಿಲ್ಲುವುದು, ಟವರ್ ಏರುವುದು ತರಬೇತಿ ಪಡೆದವರ ಕೆಲಸ. ಅವರೂ ಟ್ರಾನ್ಸ್‌ಮಿಟರ್ ಆರಿಸಿ, ಬೇರೆಯವರು ಮತ್ತೆ ಹಚ್ಚದಂತೆ ಬೀಗ ಹಾಕಿದ ಮೇಲೆಯೇ ಏರಬೇಕು. ಪರೀಕ್ಷೆಗೆಂದು ಸಿಗ್ನಲ್ ಕೆಡಿಸುವ ಜ್ಯಾಮರ್ ಹಚ್ಚುವುದು ಬಹುತೇಕ ದೇಶಗಳಲ್ಲಿ ಅಪರಾಧ. ಅಂಥ ಪರೀಕ್ಷೆ ಬೇಕೇಬೇಕಿದ್ದರೆ ಪರವಾನಗಿ ಇರುವ ಪ್ರಯೋಗಾಲಯದ ಮುಚ್ಚಿದ ಶೀಲ್ಡ್ ಕೋಣೆಯಲ್ಲಿ ಮಾಡಿಸಬೇಕು.

ಲಾಗ್‌ಗಳಲ್ಲಿ ಜನರ ಗುರುತು, ಜಾಗ, ಓಡಾಟ ಎಲ್ಲವೂ ಇರುತ್ತದೆ. ಪ್ರತಿ ತೆಗೆದ ಕೂಡಲೇ ಚಂದಾದಾರರ ಗುರುತನ್ನು ಮರೆಮಾಚಿ. ಮೂಲ ಪ್ರತಿಯ ಹ್ಯಾಶ್ (ಫೈಲ್ ಬದಲಾದರೆ ತಾನೂ ಬದಲಾಗುವ, ಬೆರಳಚ್ಚಿನಂಥ ಸಂಖ್ಯೆ) ಬರೆದಿಟ್ಟು ಬೀಗದೊಳಗೆ ಇಡಿ. ಮುಂದೆ ಅದು ಸಾಕ್ಷ್ಯವಾಗಬಹುದು.

## ಲಕ್ಷಣ: ಇದ್ದಕ್ಕಿದ್ದಂತೆ ಅಲರ್ಟ್‌ಗಳ ಸುರಿಮಳೆ

ನಿನ್ನೆ ಶಾಂತವಾಗಿದ್ದ ಪರದೆ ಇವತ್ತು ಕೆಂಪಾಗಿದೆ. ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಸರಿಯಾಗಿ ಎಷ್ಟು ಗಂಟೆಗೆ ಶುರುವಾಯಿತು? ಆ ನಿಮಿಷವನ್ನು ಬದಲಾವಣೆಗಳ ದಾಖಲೆಯ ಪಕ್ಕದಲ್ಲಿಟ್ಟು ನೋಡಿ. ಸಾಫ್ಟ್‌ವೇರ್ ಅಪ್‌ಗ್ರೇಡ್ ಮುಗಿದ ಕೆಲವೇ ನಿಮಿಷಗಳಲ್ಲಿ ಶುರುವಾಗಿದ್ದರೆ ಅಪ್‌ಗ್ರೇಡನ್ನೇ ಮೊದಲು ಅನುಮಾನಿಸಿ. ಗಂಟೆ ಹೊಡೆದ ಹಾಗೆ ಸರಿಯಾಗಿ 12:00ಕ್ಕೋ 1:00ಕ್ಕೋ ಶುರುವಾಗಿದ್ದರೆ ಯಾವುದೋ ನಿಗದಿತ ಕೆಲಸ ಕಾರಣ ಇರಬಹುದು.

ಎರಡನೆಯದು ಗಡಿಯಾರ. ಎಎಂಎಫ್ ಸರ್ವರಿನ ಸಮಯ ಎರಡು ಸೆಕೆಂಡ್ ಹಿಂದೆ ಬಿದ್ದರೂ ಸಾಕು, ಲಾಗ್‌ನಲ್ಲಿ ಉತ್ತರ ಮೊದಲು, ಪ್ರಶ್ನೆ ಆಮೇಲೆ ಬಂದಂತೆ ಕಾಣುತ್ತದೆ. ಘಟನೆಗಳ ಕ್ರಮ ನೋಡಿ ಕಲಿತ ಮಾಡೆಲ್‌ಗೆ ಇದು ಘೋರ ಅಸಹಜತೆ. ಪ್ರತಿ ಸರ್ವರಿನಲ್ಲೂ ಎನ್‌ಟಿಪಿ (ನೆಟ್‌ವರ್ಕ್ ಮೂಲಕ ಗಡಿಯಾರ ಹೊಂದಿಸುವ ವಿಧಾನ) ತೋರಿಸುವ ವ್ಯತ್ಯಾಸ ಎಷ್ಟಿದೆ ನೋಡಿ. ಕೆಲವು ಮಿಲಿಸೆಕೆಂಡ್ ಇದ್ದರೆ ಚಿಂತೆಯಿಲ್ಲ. ಸೆಕೆಂಡಿನ ಲೆಕ್ಕಕ್ಕೆ ಹೋಗಿದ್ದರೆ ಬೇರೇನೂ ಮುಟ್ಟದೆ ಅದನ್ನು ಸರಿಪಡಿಸಿ, ಒಂದು ಗಂಟೆ ಕಾಯಿರಿ.

ಮೂರನೆಯದು ಡೇಟಾದ ಕಾಲಂಗಳು. ಸುರಿಮಳೆಗೆ ಮುಂಚಿನ ಒಂದು ಗಂಟೆಯ ಡೇಟಾವನ್ನೂ ನಂತರದ ಒಂದು ಗಂಟೆಯದನ್ನೂ ಅಕ್ಕಪಕ್ಕ ತೆರೆಯಿರಿ. ಪ್ರತಿ ಕಾಲಂನ ಕನಿಷ್ಠ, ಗರಿಷ್ಠ, ಖಾಲಿ ಇರುವ ಪಾಲು ಇಷ್ಟೇ ಸಾಕು. ಸ್ಪ್ರೆಡ್‌ಶೀಟಿನಲ್ಲೇ ಆಗುವ ಕೆಲಸ. ಕೌಂಟರಿನ ಹೆಸರು ಬದಲಾಗಿ ಕಾಲಂ ಖಾಲಿಯಾಗಿದ್ದರೆ, ನಡುವಿನ ಪ್ರೋಗ್ರಾಂ ಅಲ್ಲಿ ಸೊನ್ನೆ ತುಂಬಿರುತ್ತದೆ. ಮಾಡೆಲ್ ಆ ಸೊನ್ನೆಯನ್ನು ನಿಜವೆಂದೇ ನಂಬುತ್ತದೆ. 15 ನಿಮಿಷಕ್ಕೊಮ್ಮೆ ಬರುತ್ತಿದ್ದ ಎಣಿಕೆ 5 ನಿಮಿಷಕ್ಕೊಮ್ಮೆ ಬರತೊಡಗಿದರೆ ಎಲ್ಲ ಸಂಖ್ಯೆಗಳೂ ಮೂರನೇ ಒಂದು ಭಾಗಕ್ಕೆ ಇಳಿಯುತ್ತವೆ. ಒಂದೇ ಸಮನೆ ಏರುತ್ತ ಹೋಗುವ ಕೌಂಟರ್, ನೋಡ್ ರೀಸ್ಟಾರ್ಟ್ ಆದಾಗ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಹಿಂದಿನದನ್ನು ಕಳೆದು ಲೆಕ್ಕ ಹಾಕುವ ಪ್ರೋಗ್ರಾಂಗೆ ಆಗ ಋಣ ಸಂಖ್ಯೆಯೋ ವಿಪರೀತ ದೊಡ್ಡ ಸಂಖ್ಯೆಯೋ ಸಿಗುತ್ತದೆ.

ಇಷ್ಟಾದ ಮೇಲೂ ಕಾರಣ ಸಿಗದಿದ್ದರೆ ಅಲರ್ಟ್‌ಗಳು ಹೇಗೆ ಹರಡಿವೆ ನೋಡಿ. ಎಲ್ಲ ಸೆಲ್‌ಗಳಲ್ಲೂ ಸಮನಾಗಿದ್ದರೆ ಡೇಟಾ ದಾರಿ ಅಥವಾ ಕೋರ್. ಅಕ್ಕಪಕ್ಕದ ಎರಡು ಮೂರು ಸೆಲ್‌ಗಳಲ್ಲಿ ಮಾತ್ರ ಇದ್ದರೆ ರೇಡಿಯೋ ತೊಂದರೆ ಅಥವಾ ನಿಜವಾದ ದಾಳಿ. ಒಂದೇ ಸ್ಲೈಸಿನಲ್ಲಿದ್ದರೆ ಕಾನ್ಫಿಗರೇಷನ್. ಒಂದೇ ಮಾದರಿಯ ಸಾಧನಗಳಲ್ಲಿದ್ದರೆ ಅವುಗಳ ಫರ್ಮ್‌ವೇರ್. ಸಾಧನದ ಗುರುತು ಸಂಖ್ಯೆಯಾದ ಐಎಂಇಐನ ಮೊದಲ 8 ಅಂಕಿಗಳು ಸಾಧನದ ಮಾದರಿಯನ್ನು ಹೇಳುತ್ತವೆ. ಅದರ ಮೇಲೆ ಗುಂಪು ಮಾಡಿದರೆ ಚಿತ್ರ ತಿಳಿಯಾಗುತ್ತದೆ.

ಸುರಿಮಳೆ ಹಠಾತ್ತನೆ ಬಂದದ್ದಲ್ಲ, ದಿನವೂ ಇದೇ ಪಾಡು ಎನ್ನುವುದಾದರೆ ಅದು ದೋಷಕ್ಕಿಂತ ಹೆಚ್ಚಾಗಿ ಗಣಿತ. ದಿನಕ್ಕೆ 1 ಕೋಟಿ ಘಟನೆಗಳು ಹಾಯುತ್ತವೆ ಎಂದುಕೊಳ್ಳಿ. ಮಾಡೆಲ್ ಸಾವಿರಕ್ಕೆ ಒಂದು ಸಲ ಮಾತ್ರ ತಪ್ಪಾಗಿ ಕೂಗುತ್ತದೆ. ಆದರೂ ದಿನಕ್ಕೆ 10,000 ಸುಳ್ಳು ಅಲರ್ಟ್. ನಿಜವಾದ ಕೇಡಿನ ಘಟನೆಗಳು 100 ಇದ್ದು ಅದರಲ್ಲಿ 99ನ್ನು ಹಿಡಿದರೂ, ನಿಮ್ಮ ಪರದೆಯ ನೂರು ಅಲರ್ಟ್‌ಗಳಲ್ಲಿ ನಿಜವಾದದ್ದು ಹೆಚ್ಚುಕಡಿಮೆ ಒಂದೇ. ಇಲ್ಲಿ ಮಿತಿಯನ್ನು ಏರಿಸುವ ಆಸೆ ಎಲ್ಲರಿಗೂ ಬರುತ್ತದೆ. ಹಾಗೆ ಮಾಡಿದರೆ ಆ 99ರಲ್ಲೂ ಕೆಲವು ಕೈತಪ್ಪುತ್ತವೆ. ಅದಕ್ಕಿಂತ ಒಂದೇ ಸಾಧನದ ಒಂದೇ ಗಂಟೆಯ ಅಲರ್ಟ್‌ಗಳನ್ನು ಒಂದಾಗಿ ಕಟ್ಟಿ. ಪರಸ್ಪರ ಸಂಬಂಧವಿಲ್ಲದ ಎರಡು ಸುಳಿವುಗಳು ಕೂಡಿದಾಗ ಮಾತ್ರ ಮನುಷ್ಯರನ್ನು ಕರೆಯುವಂತೆ ಮಾಡಿ.

ನಿಲ್ಲಬೇಕಾದ ಹಂತ: ಮಾಡೆಲ್‌ನ ಅಂಕವನ್ನು ಪಕ್ಕಕ್ಕಿಟ್ಟು ಎಎಂಎಫ್‌ನ ಸ್ವಂತ ಕೌಂಟರುಗಳನ್ನು ನೋಡಿ. ದೃಢೀಕರಣ ಸೋಲಿನಲ್ಲಿ ಕಾರಣ ಸಂಖ್ಯೆ 20, ಅಂದರೆ ನೆಟ್‌ವರ್ಕ್ ಕಳಿಸಿದ ಸವಾಲು ಸಿಮ್‌ನ ಲೆಕ್ಕಕ್ಕೆ ಹೊಂದದ ಮ್ಯಾಕ್ ಫೇಲ್ಯೂರ್, ನಿಜವಾಗಿಯೂ ಏರುತ್ತಿದ್ದರೆ ದೋಷ ಹುಡುಕುವುದನ್ನು ಬಿಟ್ಟು ಭದ್ರತಾ ಘಟನೆಯೆಂದು ಭದ್ರತಾ ತಂಡಕ್ಕೆ ಒಪ್ಪಿಸಿ. ಏರುತ್ತಿರುವುದು ಸಂಖ್ಯೆ 21, ಸಿಂಕ್ ಫೇಲ್ಯೂರ್ ಆಗಿದ್ದರೆ ಇನ್ನೊಂದು ಪ್ರಶ್ನೆ ಕೇಳಿ: ಚಂದಾದಾರರ ಡೇಟಾಬೇಸನ್ನು ಯಾರಾದರೂ ಹಳೆಯ ಬ್ಯಾಕಪ್‌ನಿಂದ ಮರಳಿ ಹಾಕಿದರೇ? ಹಾಕಿದ್ದರೆ ಕೋರ್‌ನ ಕ್ರಮಸಂಖ್ಯೆ ಸಿಮ್‌ನದಕ್ಕಿಂತ ಹಿಂದೆ ಬಿದ್ದು, ಪ್ರತಿ ಸಿಮ್ಮೂ ಒಮ್ಮೆ ತಕರಾರು ತೆಗೆದು ಹೊಂದಿಸಿಕೊಳ್ಳುತ್ತದೆ. ಅದು ತಾನಾಗಿಯೇ ಇಳಿಯುತ್ತದೆ.

## ಲಕ್ಷಣ: ಎಲ್ಲ ಹಸಿರು, ಒಂದೂ ಅಲರ್ಟ್ ಇಲ್ಲ

ಸುರಿಮಳೆಗಿಂತ ನನಗೆ ಹೆಚ್ಚು ಭಯ ಈ ಮೌನದ್ದು. ಸುರಿಮಳೆ ಬಂದರೆ ಯಾರಾದರೂ ಎದ್ದು ನೋಡುತ್ತಾರೆ. ಮೌನವನ್ನು ಎಲ್ಲರೂ ನೆಮ್ಮದಿ ಎಂದುಕೊಳ್ಳುತ್ತಾರೆ.

ಮೊದಲು ಪ್ರತಿ ಮೂಲದಿಂದ ಕೊನೆಯ ದಾಖಲೆ ಯಾವಾಗ ಬಂತು ಎಂಬ ಪಟ್ಟಿ ತೆಗೆಯಿರಿ. ಡೇಟಾ ಬಾರದಿದ್ದರೆ ಅಸಹಜತೆಯೂ ಕಾಣುವುದಿಲ್ಲ, ಪರದೆ ಹಸಿರಾಗಿಯೇ ಇರುತ್ತದೆ. ಒಂದು ಮೂಲ ನಿಂತಿದ್ದರೆ ಸರ್ಟಿಫಿಕೇಟ್ (ಘಟಕದ ಗುರುತನ್ನು ಸಾಬೀತುಪಡಿಸುವ ಡಿಜಿಟಲ್ ಪತ್ರ) ನೋಡಿ. 5ಜಿ ಕೋರ್‌ನ ಘಟಕಗಳು ಪರಸ್ಪರ ಮಾತಾಡುವುದು ಟಿಎಲ್‌ಎಸ್ ಎಂಬ ಗೂಢೀಕೃತ ಕೊಂಡಿಯ ಮೂಲಕ. ಜೊತೆಗೆ ಘಟಕಗಳ ಪಟ್ಟಿ ಇಟ್ಟುಕೊಳ್ಳುವ ಎನ್‌ಆರ್‌ಎಫ್ ಕೊಡುವ ಟೋಕನ್ (ಅನುಮತಿ ಚೀಟಿ) ಬೇಕು. ಎರಡರಲ್ಲಿ ಯಾವುದರ ಅವಧಿ ಮುಗಿದರೂ ವಿಶ್ಲೇಷಣಾ ಘಟಕಕ್ಕೆ ಬಾಗಿಲು ಮುಚ್ಚುತ್ತದೆ. ಅವಧಿ ಮುಗಿದ ಒಂದು ಸರ್ಟಿಫಿಕೇಟ್ ಏನು ಮಾಡಬಲ್ಲದು ಎಂಬುದನ್ನು 2018ರ ಡಿಸೆಂಬರ್ 6ರಂದು ಜಗತ್ತು ನೋಡಿದೆ. ಎರಿಕ್ಸನ್‌ನ ಕೋರ್ ಸಾಫ್ಟ್‌ವೇರಿನಲ್ಲಿದ್ದ ಸರ್ಟಿಫಿಕೇಟಿನ ಗಡುವು ಮೀರಿ, ಬ್ರಿಟನ್ನಿನ ಓ2, ಜಪಾನಿನ ಸಾಫ್ಟ್‌ಬ್ಯಾಂಕ್ ಸೇರಿ ಹಲವು ದೇಶಗಳ ನೆಟ್‌ವರ್ಕ್‌ಗಳಲ್ಲಿ ಕೋಟ್ಯಂತರ ಜನರ ಸಂಪರ್ಕ ಹೋಯಿತು. ಅಲ್ಲಿ ಸೇವೆಯೇ ಬಿದ್ದುದರಿಂದ ಎಲ್ಲರಿಗೂ ಗೊತ್ತಾಯಿತು. ನಿಮ್ಮ ಎಐಗೆ ಡೇಟಾ ಕೊಡುವ ಕೊಂಡಿಯ ಸರ್ಟಿಫಿಕೇಟ್ ಸತ್ತರೆ ಸೇವೆ ನಡೆಯುತ್ತಲೇ ಇರುತ್ತದೆ, ಕಾವಲು ಮಾತ್ರ ಇರುವುದಿಲ್ಲ.

ಸರ್ಟಿಫಿಕೇಟ್ ಸರಿಯಿದ್ದರೆ ಚಂದಾ ನೋಡಿ. ಎನ್‌ಡಬ್ಲ್ಯೂಡಿಎಎಫ್ ತನಗೆ ಬೇಕಾದ ಘಟನೆಗಳಿಗಾಗಿ ಎಎಂಎಫ್, ಎಸ್‌ಎಂಎಫ್‌ಗಳಲ್ಲಿ ಹೆಸರು ನೋಂದಾಯಿಸಿಕೊಂಡಿರುತ್ತದೆ. ಎಎಂಎಫ್ ರೀಸ್ಟಾರ್ಟ್ ಆದಾಗ ಆ ನೋಂದಣಿ ಅಳಿಸಿಹೋಗಿರಬಹುದು. ದಟ್ಟಣೆ ಹೆಚ್ಚಾಗಿ ಎರಡನೆಯ ಎಎಂಎಫ್ ತಾನಾಗಿ ಎದ್ದಿದ್ದರೆ ಅದರಲ್ಲಿ ನೋಂದಣಿ ಆಗಿಯೇ ಇಲ್ಲದಿರಬಹುದು. ಆಗ ಅರ್ಧ ಡೇಟಾ ಬರುತ್ತದೆ, ಅರ್ಧ ಬರುವುದಿಲ್ಲ. ಇದನ್ನು ಹಿಡಿಯುವುದು ಕಷ್ಟ. ಒಟ್ಟು ನೋಂದಾಯಿತ ಸಾಧನಗಳ ಸಂಖ್ಯೆಯನ್ನು ಕೋರ್‌ನಿಂದ ಒಮ್ಮೆ, ಎಐ ಡೇಟಾದಿಂದ ಒಮ್ಮೆ ಎಣಿಸಿ ಹೋಲಿಸುವುದೇ ದಾರಿ.

ಮುಂದಿನದು ಅಲರ್ಟ್ ಅಡಗಿಸುವ ನಿಯಮಗಳು. ರಿಪೇರಿ ದಿನ ಯಾರೋ ಒಂದು ಸೈಟಿನ ಅಲರ್ಟ್ ಮ್ಯೂಟ್ ಮಾಡಿ ತೆಗೆಯದೆ ಬಿಟ್ಟಿರುತ್ತಾರೆ. ಕೊನೆಯ ದಿನಾಂಕ ಇಲ್ಲದ ಮ್ಯೂಟ್ ನಿಯಮವನ್ನು ಒಪ್ಪಿಕೊಳ್ಳಲೇಬೇಡಿ.

ಇವೆಲ್ಲ ಸರಿಯಿದ್ದರೆ ಪರೀಕ್ಷಾ ಘಟನೆ ಹಾಯಿಸಿ. ನಿಮ್ಮದೇ ನೆಟ್‌ವರ್ಕಿನ ಪರೀಕ್ಷಾ ಸಿಮ್ ಒಂದರಲ್ಲಿ ಬೇಕೆಂದೇ ತಪ್ಪು ಕೀ ಬರೆದು ಹಚ್ಚಿ. ನೆಟ್‌ವರ್ಕ್ ಕಳಿಸಿದ ಸವಾಲು ತನ್ನ ಲೆಕ್ಕಕ್ಕೆ ಹೊಂದದೆ ಸಿಮ್ ಅದನ್ನು ತಳ್ಳಿಹಾಕುತ್ತದೆ. ಆ ಸೋಲು ನಿಗದಿತ ಸಮಯದೊಳಗೆ ಅಲರ್ಟ್ ಆಗಿ ಪರದೆಗೆ ಬರಬೇಕು. ಬಂದರೆ ಡೇಟಾ ದಾರಿ ಜೀವಂತ. ಬರದಿದ್ದರೆ ಎಎಂಎಫ್ ಲಾಗ್, ಸಂಗ್ರಹ ಸರ್ವರ್, ಮಾಡೆಲ್ ಒಳಹರಿವು, ಅಲರ್ಟ್ ಸರದಿ ಈ ಕ್ರಮದಲ್ಲಿ ಎಲ್ಲಿ ಕಳೆದುಹೋಯಿತು ಎಂದು ಹಿಂಬಾಲಿಸಿ. ಈ ಪರೀಕ್ಷೆಯನ್ನು ವೇಳಾಪಟ್ಟಿ ಹಾಕಿಕೊಂಡು ಮಾಡುವ ತಂಡಗಳಿಗೆ ಮೌನದ ಬಗ್ಗೆ ಅನುಮಾನ ಉಳಿಯುವುದಿಲ್ಲ.

## ಲಕ್ಷಣ: ನಮ್ಮ ಸಾಧನಗಳನ್ನೇ ದಾಳಿಕೋರರೆಂದು ತಡೆಯುತ್ತಿದೆ

ಮೊದಲ ಕೆಲಸ, ಸ್ವಯಂಚಾಲಿತ ತಡೆಯನ್ನು ಸಲಹೆ ಮಾತ್ರ ಕೊಡುವ ಸ್ಥಿತಿಗೆ ಇಳಿಸುವುದು. ಪತ್ತೆಯನ್ನು ಆರಿಸಬೇಡಿ. ಆಮೇಲೆ ನಿಧಾನವಾಗಿ ಕಾರಣ ಹುಡುಕಿ.

ತಡೆಯಲ್ಪಟ್ಟ ಸಾಧನಗಳೆಲ್ಲ ಒಂದೇ ಜಾತಿಯವೇ? ಒಂದೇ ಹೊತ್ತಿಗೆ ತಡೆಯಾದವೇ? ಮೀಟರು, ಸೆನ್ಸರುಗಳು ಗಂಟೆಗೊಮ್ಮೆ ಒಟ್ಟಿಗೆ ವರದಿ ಒಪ್ಪಿಸುತ್ತವೆ. ಕರೆಂಟು ಹೋಗಿ ಬಂದಾಗ ಸಾವಿರಾರು ಸಾಧನಗಳು ಒಂದೇ ಕ್ಷಣದಲ್ಲಿ ನೋಂದಣಿಗೆ ನುಗ್ಗುತ್ತವೆ. ಮಾಡೆಲ್ ಇದನ್ನು ಸಿಗ್ನಲಿಂಗ್ ದಾಳಿ (ನಿಯಂತ್ರಣ ಸಂದೇಶಗಳಿಂದ ಕೋರನ್ನು ಮುಳುಗಿಸುವುದು) ಎನ್ನುತ್ತದೆ. ಕೋರ್ ಮೇಲೆ ಬಿದ್ದ ಭಾರ ನಿಜ, ಕೇಡಿನ ಉದ್ದೇಶ ಮಾತ್ರ ಇಲ್ಲ. 5ಜಿಯ ಗುರಿಯೇ ಚದರ ಕಿಲೋಮೀಟರಿಗೆ 10 ಲಕ್ಷ ಸಾಧನಗಳು ಎಂದಿರುವಾಗ ಇಂಥ ನೂಕುನುಗ್ಗಲು ಮುಂದೆ ಹೆಚ್ಚೇ ಆಗುತ್ತದೆ. ಇದರ ಮದ್ದು ಮಾಡೆಲ್‌ನಲ್ಲಿಲ್ಲ, ಸಾಧನಗಳಲ್ಲಿದೆ: ಪ್ರತಿಯೊಂದೂ ಬೇರೆ ಬೇರೆ ಹೊತ್ತು ಕಾದು ಮತ್ತೆ ಪ್ರಯತ್ನಿಸುವಂತೆ ಫರ್ಮ್‌ವೇರ್ ಬದಲಿಸಬೇಕು.

ಇನ್ನೊಂದು ಕಾರಣ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಒಂದು ಸೆಲ್‌ನಲ್ಲಿ ನೂರಾರು ಅಪರಿಚಿತ ಸಾಧನಗಳು ಬಂದುಹೋದವು ಎಂದು ಅಲರ್ಟ್ ಹೇಳುತ್ತದೆ, ಅಲ್ಲಿ ಹೋಗಿ ನೋಡಿದರೆ ಇರುವುದು ನಾಲ್ಕೈದು. 5ಜಿಯಲ್ಲಿ ಚಂದಾದಾರರ ಶಾಶ್ವತ ಗುರುತಾದ ಸೂಪಿ ಗಾಳಿಯಲ್ಲಿ ಬಿಚ್ಚಿ ಹೋಗುವುದಿಲ್ಲ. ಸಿಮ್ ಕೊಟ್ಟ ನೆಟ್‌ವರ್ಕಿನ ಸಾರ್ವಜನಿಕ ಕೀಲಿಯಿಂದ ಗೂಢಗೊಂಡು ಸೂಸಿ ಎಂಬ ರೂಪದಲ್ಲಿ ಹೋಗುತ್ತದೆ, ಮತ್ತು ಪ್ರತಿ ಸಲ ಹೊಸದಾಗಿ ಗೂಢಗೊಳ್ಳುವುದರಿಂದ ಒಂದೇ ಫೋನಿನ ಎರಡು ಸೂಸಿಗಳು ಒಂದಕ್ಕೊಂದು ಹೋಲುವುದಿಲ್ಲ. ನೆಟ್‌ವರ್ಕ್ ಕೊಡುವ ತಾತ್ಕಾಲಿಕ ಗುರುತೂ ಆಗಾಗ ಬದಲಾಗುತ್ತದೆ. ಡೇಟಾ ತಯಾರಿಸಿದವರು ಇವುಗಳನ್ನು ಎಣಿಸಿ ಇಷ್ಟು ಸಾಧನ ಎಂದು ಬರೆದಿದ್ದರೆ, ಪದೇ ಪದೇ ಸಂಪರ್ಕ ಕಡಿದುಕೊಳ್ಳುವ ಒಂದೇ ಕೆಟ್ಟ ಮೋಡೆಮ್ ನೂರು ಸಾಧನವಾಗಿ ಕಾಣುತ್ತದೆ. ಎಣಿಕೆಗೆ ಬಳಸಿದ ಗುರುತು ಯಾವುದು ಎಂದು ಡೇಟಾ ತಂಡವನ್ನು ಕೇಳಿ. ಸರಿಯಾದ ದಾರಿ, ಕೋರ್‌ನೊಳಗೆ ಗುರುತು ಬಿಡಿಸಿದ ಮೇಲೆ ಅದಕ್ಕೆ ಕೊಟ್ಟ ಸ್ಥಿರವಾದ ಗುಪ್ತನಾಮದಿಂದ ಎಣಿಸುವುದು. ಗುರುತು ಮರೆಮಾಚಿಯೂ ಇರುತ್ತದೆ, ಎಣಿಕೆಯೂ ತಪ್ಪುವುದಿಲ್ಲ.

ಯಾವ ಅಂಶ ಅಂಕವನ್ನು ಏರಿಸಿತು ಎಂದು ವಿವರಿಸುವ ಸೌಲಭ್ಯ ನಿಮ್ಮ ಮಾಡೆಲ್‌ಗಿದ್ದರೆ ಬಳಸಿ. ಏರಿಸಿದ್ದು ಜಾಗದ ಬದಲಾವಣೆ ಎಂದಾದರೆ ಎರಡು ಸೆಲ್‌ಗಳ ಗಡಿಯಲ್ಲಿ ನಿಂತ ಸಾಧನ ಅತ್ತಿಂದಿತ್ತ ಹಾರಾಡುತ್ತಿರಬಹುದು. ಅದು ಹ್ಯಾಂಡೋವರ್ (ಒಂದು ಸೆಲ್‌ನಿಂದ ಇನ್ನೊಂದಕ್ಕೆ ದಾಟಿಸುವುದು) ಹೊಂದಾಣಿಕೆಯ ದೋಷ. ಈ ಸೌಲಭ್ಯ ಇಲ್ಲದ ಮಾಡೆಲ್‌ಗೆ ಸಾಧನಗಳನ್ನು ತಾನಾಗಿಯೇ ಹೊರಹಾಕುವ ಅಧಿಕಾರ ಕೊಡಬಾರದು ಎಂಬುದು ನನ್ನ ಗಟ್ಟಿ ನಿಲುವು.

## ಲಕ್ಷಣ: ಸಿಗ್ನಲ್ ಕಡ್ಡಿ ತುಂಬಿದೆ, ಡೇಟಾ ಹೋಗುತ್ತಿಲ್ಲ, ಎಐ ಜ್ಯಾಮಿಂಗ್ ಎನ್ನುತ್ತಿದೆ

ಫೋನಿನ ಕಡ್ಡಿಗಳು ಮುಖ್ಯವಾಗಿ ಆರ್‌ಎಸ್‌ಆರ್‌ಪಿ ಎಂಬ ಬಲವನ್ನು ತೋರಿಸುತ್ತವೆ. ಗದ್ದಲದ ನಡುವೆ ಆ ಸಿಗ್ನಲ್ ಎಷ್ಟು ಸ್ಪಷ್ಟ ಎನ್ನುವುದು ಎಸ್‌ಐಎನ್‌ಆರ್. ಮೊದಲನೆಯದು ಚೆನ್ನಾಗಿದ್ದು ಎರಡನೆಯದು ಕುಸಿದಿದ್ದರೆ ಗದ್ದಲ ಹೆಚ್ಚಿದೆ ಎಂದರ್ಥ. ಗದ್ದಲಕ್ಕೆ ಜ್ಯಾಮರೇ ಬೇಕಿಲ್ಲ. ಹಗ್ಗವನ್ನು ಹಾವೆಂದು ಕಂಡು ಬಡಿಯುವುದು ಈ ಲಕ್ಷಣದಲ್ಲೇ ಹೆಚ್ಚು.

ಮೊದಲು ಮಾಡೆಲ್‌ಗೆ ಏನೇನು ಗೊತ್ತು ಎಂದು ಕೇಳಿ. ತರಬೇತಿಯಲ್ಲಿ ಸಹಜ, ಜ್ಯಾಮಿಂಗ್ ಎಂಬ ಎರಡೇ ವರ್ಗಗಳಿದ್ದರೆ ಸಡಿಲ ಕನೆಕ್ಟರೂ ಕೆಟ್ಟ ಜಿಪಿಎಸ್ಸೂ ಅದಕ್ಕೆ ಜ್ಯಾಮಿಂಗ್ ಆಗಿಯೇ ಕಾಣುತ್ತವೆ. ಬೇರೆ ಹೆಸರು ಅದಕ್ಕೆ ಕಲಿಸಿಲ್ಲ.

ಆಮೇಲೆ ಟೈಮಿಂಗ್. ಟಿಡಿಡಿ ನೆಟ್‌ವರ್ಕಿನಲ್ಲಿ ಎಲ್ಲ ಬೇಸ್ ಸ್ಟೇಷನ್‌ಗಳೂ ಒಂದೇ ಆವರ್ತನದಲ್ಲಿ ಸರದಿಯಂತೆ ಮಾತಾಡಿ, ಸರದಿಯಂತೆ ಕೇಳಿಸಿಕೊಳ್ಳುತ್ತವೆ. ಇದಕ್ಕೆ ಅವುಗಳ ಗಡಿಯಾರ ±1.5 ಮೈಕ್ರೋಸೆಕೆಂಡ್ ಒಳಗೆ ಹೊಂದಿರಬೇಕು. ಒಂದು ಸೈಟಿನ ಜಿಪಿಎಸ್ ಆ್ಯಂಟೆನಾಕ್ಕೆ ನೀರು ಇಳಿದರೆ ಅದರ ಗಡಿಯಾರ ಮೆಲ್ಲಗೆ ಜಾರುತ್ತದೆ, ಉಳಿದವರು ಕೇಳಿಸಿಕೊಳ್ಳುವ ಹೊತ್ತಿನಲ್ಲಿ ಅದು ಮಾತಾಡತೊಡಗುತ್ತದೆ. ನರಳುವುದು ಸುತ್ತಲಿನ ಸೆಲ್‌ಗಳ ಅಪ್‌ಲಿಂಕ್, ಅಂದರೆ ಫೋನಿನಿಂದ ಸ್ಟೇಷನ್‌ಗೆ ಬರುವ ಸಿಗ್ನಲ್. ಅಲರ್ಟ್ ಬಂದ ಸೆಲ್ ಒಂದನ್ನೇ ನೋಡಿದರೆ ದೋಷ ಸಿಗುವುದಿಲ್ಲ. ನೆರೆಯ ಪ್ರತಿ ಸೈಟಿನ ಜಿಪಿಎಸ್ ಮತ್ತು ಪಿಟಿಪಿ (ನೆಟ್‌ವರ್ಕ್ ಮೂಲಕ ನಿಖರ ಸಮಯ ಹಂಚುವ ವಿಧಾನ) ಅಲಾರಂ ತೆಗೆದು ನೋಡಿ.

ಟೈಮಿಂಗ್ ಸರಿಯಿದ್ದರೆ ಗದ್ದಲವನ್ನು ನಿಮ್ಮದೇ ದಟ್ಟಣೆಯ ಜೊತೆ ಹೋಲಿಸಿ. ತುಕ್ಕು ಹಿಡಿದ ಅಥವಾ ಸಡಿಲಾದ ಕನೆಕ್ಟರ್‌ನಲ್ಲಿ ನಿಮ್ಮದೇ ಡೌನ್‌ಲಿಂಕ್ (ಸ್ಟೇಷನ್‌ನಿಂದ ಫೋನಿಗೆ ಹೋಗುವ) ಸಿಗ್ನಲ್‌ಗಳು ಬೆರೆತು ಹೊಸ ಗದ್ದಲ ಹುಟ್ಟುತ್ತದೆ. ಅದಕ್ಕೆ ಪಿಮ್ ಎನ್ನುತ್ತಾರೆ. ಡೌನ್‌ಲಿಂಕ್ ದಟ್ಟಣೆ ಏರಿದಾಗ ಪಿಮ್ ಏರುತ್ತದೆ, ಇಳಿದಾಗ ಇಳಿಯುತ್ತದೆ. ಹೊರಗಿನ ಗದ್ದಲಕ್ಕೆ ನಿಮ್ಮ ದಟ್ಟಣೆಯ ಹಂಗಿಲ್ಲ. ಅನುಮತಿ ಪಡೆದು, ಬಳಕೆ ಕಡಿಮೆಯಿರುವ ಹೊತ್ತಿನಲ್ಲಿ ಸೆಲ್‌ನ ಟ್ರಾನ್ಸ್‌ಮಿಟರನ್ನು ಕೆಲವು ನಿಮಿಷ ಆರಿಸಿ ರಿಸೀವರ್ ಗದ್ದಲ ಅಳೆಯಿರಿ. ಹಾಗೇ ಉಳಿದರೆ ಮೂಲ ಹೊರಗಿದೆ.

ಹೊರಗಿನದೆಲ್ಲವೂ ಕೇಡಿನದಲ್ಲ. ಹವೆಯ ಪದರಗಳು ಒಂದು ವಿಶೇಷ ಸ್ಥಿತಿಗೆ ಬಂದಾಗ ನೂರಾರು ಕಿಲೋಮೀಟರ್ ದೂರದ ಟಿಡಿಡಿ ಸ್ಟೇಷನ್‌ಗಳ ಸಿಗ್ನಲ್ ಕೂಡ ತೇಲಿಬರುತ್ತದೆ. ಅದರ ಗುರುತು ಹೀಗೆ: ಡೌನ್‌ಲಿಂಕ್‌ನಿಂದ ಅಪ್‌ಲಿಂಕ್‌ಗೆ ತಿರುಗಿದ ಕೂಡಲೇ ಗದ್ದಲ ಜೋರಾಗಿರುತ್ತದೆ, ಮುಂದಿನ ಸಿಂಬಲ್ ಎಂಬ ಚಿಕ್ಕ ಕಾಲತುಣುಕುಗಳಲ್ಲಿ ಇಳಿಜಾರಿನಂತೆ ಕುಗ್ಗುತ್ತದೆ. 3ಜಿಪಿಪಿ ಇದಕ್ಕೆಂದೇ ರಿಲೀಸ್ 16ರಲ್ಲಿ ದೂರದ ಅಡಚಣೆ ನಿಭಾಯಿಸುವ ವಿಧಾನ ಸೇರಿಸಿದೆ. ಒಂದು ಯಂತ್ರ ಚಾಲೂ ಆದಾಗಲೆಲ್ಲ ಬರುವ ಗದ್ದಲವಾದರೆ ಆ ಯಂತ್ರದ ಮೋಟಾರನ್ನೋ ವಿದ್ಯುತ್ ಘಟಕವನ್ನೋ ಅನುಮಾನಿಸಿ.

ಸ್ಪೆಕ್ಟ್ರಮ್ ಅನಲೈಸರ್ ಹಿಡಿದು ಹೊರಡುವುದು ಇಷ್ಟೆಲ್ಲ ಆದ ಮೇಲೆ. ಬ್ಯಾಂಡ್ ತುಂಬ ಹರಡಿದ ಗದ್ದಲ, ನಿಮ್ಮ ದಟ್ಟಣೆಗೆ ಸ್ಪಂದಿಸದ ಗದ್ದಲ, ಒಂದು ದಿಕ್ಕಿನಿಂದ ಬಲವಾಗಿ ಬರುವ ಗದ್ದಲ ಈ ಮೂರೂ ಸೇರಿದರೆ ಜ್ಯಾಮಿಂಗ್ ಇರಬಹುದು. ಅಲ್ಲಿಗೆ ನಿಲ್ಲಿ. ಜ್ಯಾಮರ್ ಹಿಡಿದವರನ್ನು ನೀವೇ ಹುಡುಕಿಕೊಂಡು ಹೋಗಬೇಡಿ. ಅಳತೆ, ದಿಕ್ಕು, ಸಮಯ ಬರೆದು ನಿಮ್ಮ ದೇಶದ ಸ್ಪೆಕ್ಟ್ರಮ್ ನಿಯಂತ್ರಣ ಸಂಸ್ಥೆಗೆ ಕೊಡಿ.

## ಲಕ್ಷಣ: ಫೋನ್‌ಗಳು 2ಜಿಗೆ ಜಾರುತ್ತಿವೆ, ಪಟ್ಟಿಯಲ್ಲಿಲ್ಲದ ಸೆಲ್ ಕಾಣುತ್ತಿದೆ

ಸುಳ್ಳು ಬೇಸ್ ಸ್ಟೇಷನ್ ಇರಬಹುದೆಂಬ ಅಲರ್ಟ್ ಇದು. ಫೋನ್‌ಗಳು ತಾವು ಕಂಡ ಸೆಲ್‌ಗಳನ್ನು ಅಳೆದು ನೆಟ್‌ವರ್ಕಿಗೆ ವರದಿ ಕೊಡುತ್ತಲೇ ಇರುತ್ತವೆ. ಆ ವರದಿಗಳಿಂದ ಸುಳ್ಳು ಸ್ಟೇಷನ್ ಪತ್ತೆ ಮಾಡುವ ಬಗೆಯನ್ನು 3ಜಿಪಿಪಿಯ ಭದ್ರತಾ ಮಾನದಂಡ 33.501 ತನ್ನ ಅನುಬಂಧದಲ್ಲಿ ವಿವರಿಸುತ್ತದೆ. ಎಐ ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ, ಆದರೆ ಅದು ಹೋಲಿಸಿ ನೋಡುವ ಸೈಟ್ ಪಟ್ಟಿ ಹಳತಾಗಿದ್ದರೆ ಎಲ್ಲವೂ ಸುಳ್ಳು ಸ್ಟೇಷನ್ನೇ.

ಹಾಗಾಗಿ ಮೊದಲು ಪಟ್ಟಿ. ಇತ್ತೀಚೆಗೆ ಹೊಸ ಸೈಟ್, ಒಳಾಂಗಣದ ಸಣ್ಣ ಸೆಲ್, ತಾತ್ಕಾಲಿಕ ವಾಹನ ಸೆಲ್ ಹಚ್ಚಿದ್ದೀರಾ? 5ಜಿಯಲ್ಲಿ ಭೌತಿಕ ಸೆಲ್ ಸಂಖ್ಯೆಗಳು ಇರುವುದೇ 1008, 4ಜಿಯಲ್ಲಿ 504. ಅವು ಮರುಬಳಕೆ ಆಗಲೇಬೇಕು. ಸಂಖ್ಯೆಯೊಂದನ್ನೇ ನೋಡದೆ ಆವರ್ತನ, ಟ್ರ್ಯಾಕಿಂಗ್ ಪ್ರದೇಶ, ಬಲ ಎಲ್ಲವನ್ನೂ ಸೇರಿಸಿ ಹೋಲಿಸಿ.

ಪಟ್ಟಿ ಸರಿಯಿದ್ದೂ ಒಂದೇ ಜಾಗದಲ್ಲಿ ಅಪರಿಚಿತ ಸೆಲ್ ಬಲವಾಗಿ ಕಾಣುತ್ತಿದ್ದರೆ, ಅತ್ತ ಹ್ಯಾಂಡೋವರ್‌ಗಳು ಸೋಲುತ್ತಿದ್ದರೆ, ಅಲ್ಲಿನ ಫೋನ್‌ಗಳು 2ಜಿಗೆ ಇಳಿಯುತ್ತಿದ್ದರೆ ಅದು ಗಂಭೀರ. 2ಜಿಯಲ್ಲಿ ಫೋನ್ ತನ್ನನ್ನು ಸಾಬೀತುಪಡಿಸಬೇಕು, ನೆಟ್‌ವರ್ಕ್ ಸಾಬೀತುಪಡಿಸಬೇಕಿಲ್ಲ. ದಾಳಿಕೋರರು ಫೋನನ್ನು ಅಲ್ಲಿಗೆ ಎಳೆಯುವುದು ಅದಕ್ಕೇ.

ಇದೇ ಹೊತ್ತಿನಲ್ಲಿ ನಿಮ್ಮ ಮನೆಯ ಬಾಗಿಲನ್ನೂ ನೋಡಿಕೊಳ್ಳಿ. ನಿಮ್ಮ ಪರೀಕ್ಷಾ ಫೋನಿನ ನೋಂದಣಿ ಸಂದೇಶ ತೆರೆದು ಸೂಸಿಯ ರಕ್ಷಣಾ ವಿಧಾನದ ಸಂಖ್ಯೆ ನೋಡಿ. ಅದು 0 ಎಂದಿದ್ದರೆ ಗೂಢೀಕರಣವೇ ಇಲ್ಲ, ಗುರುತು ಬಯಲಲ್ಲಿದೆ. ಹಾಗೆಯೇ ಶೂನ್ಯ ಗೂಢೀಕರಣ ಎನ್‌ಇಎ0, ಶೂನ್ಯ ಸಮಗ್ರತೆ ಎನ್‌ಐಎ0 ಅನುಮತಿ ಪಟ್ಟಿಯ ಮೇಲ್ತುದಿಯಲ್ಲಿ ಕೂತಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಇವನ್ನು ಸರಿಪಡಿಸಲು ಎಐ ಬೇಡ. ಸಿಬ್ಬಂದಿಯ ಫೋನ್‌ಗಳು ಆಂಡ್ರಾಯ್ಡ್ 12 ಅಥವಾ ನಂತರದವಾಗಿದ್ದು ಸೌಲಭ್ಯ ಇದ್ದರೆ 2ಜಿಯನ್ನು ಸೆಟ್ಟಿಂಗ್‌ನಲ್ಲೇ ಆರಿಸಬಹುದು.

## ಲಕ್ಷಣ: ಅಲರ್ಟ್ ಸರಿಯಾಗಿದೆ, ಬರುವುದು ಮಾತ್ರ ತಡ

ಘಟನೆ ನಡೆದದ್ದು, ದಾಖಲೆ ತಲುಪಿದ್ದು, ಅಂಕ ಹಾಕಿದ್ದು ಈ ಮೂರು ಸಮಯ ಬರೆದುಕೊಳ್ಳಿ. ದೊಡ್ಡ ಅಂತರ ಎಲ್ಲಿದೆಯೋ ದೋಷ ಅಲ್ಲಿದೆ. 15 ನಿಮಿಷದ ಕೌಂಟರ್ ತಿಂದು ಬದುಕುವ ಮಾಡೆಲ್ ಎರಡು ಸೆಕೆಂಡಿನ ದಾಳಿಯನ್ನು ಹೊತ್ತಿಗೆ ಸರಿಯಾಗಿ ಹಿಡಿಯಲಾರದು, ಅದೆಷ್ಟೇ ಜಾಣ ಮಾಡೆಲ್ ಆಗಿರಲಿ. ಅಷ್ಟು ವೇಗ ಬೇಕಿದ್ದರೆ ಪತ್ತೆಯನ್ನು 10 ಮಿಲಿಸೆಕೆಂಡ್‌ನಿಂದ 1 ಸೆಕೆಂಡ್ ಒಳಗೆ ಕೆಲಸ ಮಾಡುವ ರಿಕ್‌ಗೆ ಒಯ್ಯಬೇಕಾಗುತ್ತದೆ.

## ಲಕ್ಷಣ: ಎಲ್ಲ ಸರಿಯಿದೆ, ಮಾಡೆಲ್‌ನ ತೀರ್ಪೇ ತಪ್ಪುತ್ತಿದೆ

ಡೇಟಾ ಸರಿಯಿದೆ, ಗಡಿಯಾರ ಸರಿಯಿದೆ, ರೇಡಿಯೋ ಸರಿಯಿದೆ. ಇಲ್ಲಿಗೆ ಬಂದ ಮೇಲೆ ಮಾತ್ರ ಮಾಡೆಲ್ ಕಡೆ ತಿರುಗಿ.

ಸುಲಭದ್ದು ಮೊದಲು: ಓಡುತ್ತಿರುವ ಮಾಡೆಲ್ ಫೈಲಿನ ಹ್ಯಾಶ್, ನೀವು ಒಪ್ಪಿ ಬಿಡುಗಡೆ ಮಾಡಿದ ಫೈಲಿನದೇ? ಎಕ್ಸ್‌ಆ್ಯಪ್‌ನ ಡಿಜಿಟಲ್ ಸಹಿ ಸರಿಯಿದೆಯೇ? ಹೊಂದದಿದ್ದರೆ ಮುಂದೆ ಒಂದು ಹೆಜ್ಜೆಯೂ ಇಡದೆ ಭದ್ರತಾ ತಂಡವನ್ನು ಕರೆಯಿರಿ.

ಹೊಂದಿದರೆ ಲೋಕವೇ ಬದಲಾಗಿದೆಯೇ ಎಂದು ಅಳೆಯಿರಿ. ತರಬೇತಿ ಕಾಲದ ಡೇಟಾದ ಹಂಚಿಕೆಯನ್ನು ಈಗಿನದರ ಜೊತೆ ಹೋಲಿಸಲು ಪಿಎಸ್‌ಐ ಎಂಬ ಸೂಚ್ಯಂಕ ಬಳಕೆಯಲ್ಲಿದೆ. 0.1ಕ್ಕಿಂತ ಕೆಳಗಿದ್ದರೆ ಸ್ಥಿರ, 0.25 ದಾಟಿದರೆ ದೊಡ್ಡ ಬದಲಾವಣೆ ಎಂಬುದು ಕೆಲಸಗಾರರ ಕೈಲೆಕ್ಕ. ಹೊಸ ಹ್ಯಾಂಡ್‌ಸೆಟ್, ಹೊಸ ಸ್ಲೈಸ್, ಹೊಸ ಆವರ್ತನ ಬಂದ ಕಡೆ ಇದು ಏರುವುದು ಸಹಜ.

ಕಾರಣವಿಲ್ಲದೆ, ಒಂದೇ ದಿಕ್ಕಿಗೆ, ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಜರುಗುತ್ತಿದ್ದರೆ ವಿಷ ಉಣಿಸುವಿಕೆಯನ್ನು ಅನುಮಾನಿಸಬೇಕು. ತನ್ನಷ್ಟಕ್ಕೆ ಕಲಿಯುತ್ತ ಹೋಗುವ ಮಾಡೆಲ್‌ಗೆ ದಾಳಿಕೋರರು ದಿನವೂ ಒಂದು ಚಿಟಿಕೆ ಅಸಹಜ ದಟ್ಟಣೆ ಉಣಿಸಿದರೆ ಸಹಜ ಎಂಬುದರ ಗೆರೆಯೇ ಸರಿಯುತ್ತದೆ. ಇದನ್ನು ಹಿಡಿಯಲು ಬೀಗ ಹಾಕಿಟ್ಟ ಒಂದು ಪರೀಕ್ಷಾ ಡೇಟಾ ಬೇಕು. ಅದಕ್ಕೆ ನೆಟ್‌ವರ್ಕಿನಿಂದ ಏನೂ ತಾನಾಗಿ ಸೇರಬಾರದು. ಆರು ತಿಂಗಳ ಹಿಂದಿನ ಮಾಡೆಲ್ಲನ್ನೂ ಇಂದಿನದನ್ನೂ ಅದರ ಮೇಲೆ ಓಡಿಸಿ. ಹಳೆಯದು ಹಿಡಿದ ದಾಳಿಯನ್ನು ಹೊಸದು ಬಿಟ್ಟುಕೊಟ್ಟರೆ ಕಲಿಕೆಯ ದಾರಿಯಲ್ಲಿ ಏನೋ ಸೇರಿದೆ. ಹಲವು ಸೈಟ್‌ಗಳು ತಮ್ಮಲ್ಲೇ ಕಲಿತು ಫಲಿತಾಂಶ ಮಾತ್ರ ಹಂಚಿಕೊಳ್ಳುವ ಫೆಡರೇಟೆಡ್ ವ್ಯವಸ್ಥೆಯಾದರೆ, ಒಂದು ಸೈಟಿನ ಕೊಡುಗೆ ಉಳಿದವುಗಳಿಗಿಂತ ಎದ್ದುಕಾಣುವಷ್ಟು ಬೇರೆಯಾಗಿದೆಯೇ ನೋಡಿ, ಅದನ್ನು ಬಿಟ್ಟು ಒಮ್ಮೆ ಸೇರಿಸಿ ಹೋಲಿಸಿ.

ಇದನ್ನೆಲ್ಲ ಚಾಲ್ತಿಯಲ್ಲಿರುವ ನೆಟ್‌ವರ್ಕಿನಲ್ಲಿ ಮಾಡುವಂತಿಲ್ಲ. ಓಪನ್5ಜಿಎಸ್ ಕೋರ್, ಯುಇರಾನ್‌ಸಿಮ್ ಸಿಮ್ಯುಲೇಟರ್ ಎರಡೂ ಮುಕ್ತ ಸಾಫ್ಟ್‌ವೇರುಗಳು. ಒಂದು ಸಾಧಾರಣ ಕಂಪ್ಯೂಟರಿನಲ್ಲೇ ಪುಟ್ಟ 5ಜಿ ಕಟ್ಟಿ, ಅನುಮಾನ ಬಂದ ನೋಂದಣಿ ಕ್ರಮವನ್ನು ಅಲ್ಲಿ ಮತ್ತೆ ಆಡಿಸಿ ನೋಡಬಹುದು.

ಮರುತರಬೇತಿಯ ಹೊತ್ತು ಈಗ ಬರುತ್ತದೆ. ಅನುಮಾನದ ಅವಧಿಯ ಡೇಟಾವನ್ನು ಹೊರಗಿಡಿ. ಹೊಸ ಮಾಡೆಲ್ಲನ್ನು ಹಳೆಯದರ ನೆರಳಿನಂತೆ ಓಡಿಸಿ, ಇಬ್ಬರ ತೀರ್ಪು ಬೇರೆಯಾದ ಕಡೆಯನ್ನು ಮನುಷ್ಯರು ಕೂತು ಓದಲಿ. ಅದಾದ ಮೇಲೆ ತಡೆಯುವ ಅಧಿಕಾರ.

## ಹೊರಗಿನವರ ನೆರವು ಬೇಕಾದಾಗ

ಚಂದಾದಾರರ ಕೀಲಿಗಳಿರುವ ಡೇಟಾಬೇಸ್ ಮುಟ್ಟಿದ ಸುಳಿವು, ಸಹಿ ಹೊಂದದ ಮಾಡೆಲ್, ಸುಳ್ಳು ಸ್ಟೇಷನ್‌ನ ಕೂಡಿಬಂದ ಲಕ್ಷಣಗಳು, ತುರ್ತು ಕರೆಗೆ ಅಡ್ಡಿ ಇವುಗಳಲ್ಲಿ ಒಂದಿದ್ದರೂ ನಿಮ್ಮ ಹುಡುಕಾಟ ಅಲ್ಲಿಗೆ ನಿಲ್ಲಲಿ. ಯಾವ ಸರ್ವರನ್ನೂ ರೀಸ್ಟಾರ್ಟ್ ಮಾಡಬೇಡಿ, ಮೆಮೊರಿಯಲ್ಲಿರುವ ಸಾಕ್ಷ್ಯ ಅಳಿಯುತ್ತದೆ. ಬಂದವರ ಕೈಗೆ ಕೊಡಬೇಕಾದ್ದು: ಶುರುವಾದ ನಿಮಿಷ, ಹಿಂದಿನ 72 ಗಂಟೆಗಳ ಬದಲಾವಣೆ ಪಟ್ಟಿ, ಹ್ಯಾಶ್ ಸಮೇತ ಮೂಲ ಲಾಗ್, ಓಡುತ್ತಿದ್ದ ಮಾಡೆಲ್ ಫೈಲ್ ಮತ್ತು ಅದರ ಮಿತಿ, ಎಐ ತೆಗೆದುಕೊಂಡ ಪ್ರತಿ ಸ್ವಯಂಚಾಲಿತ ಕ್ರಮದ ದಾಖಲೆ, ಮತ್ತು ನೀವು ಈಗಾಗಲೇ ಏನೇನು ಮುಟ್ಟಿದ್ದೀರಿ ಎಂಬುದರ ಪೂರ್ತಿ ಪಟ್ಟಿ. ಕೊನೆಯದನ್ನು ಕೇಳುವವರೆಗೆ ಕಾಯಬೇಡಿ, ಮೊದಲೇ ಕೊಡಿ.